ಮೂವತ್ಮೂರು ಅಡಿ ನಡಿಗೆ

ಓದುಗರ ಪ್ರಶ್ನೆ, ಮನೆಯ ಆರೈಕೆ

ಎರಡು ತಿಂಗಳ ಹಿಂದೆ ಇದೇ ಪುಟದಲ್ಲಿ ನಮ್ಮ ಯಜಮಾನರ ತಲೆಯಲ್ಲಿ ನೀರು ತುಂಬಿಕೊಂಡ ವಿಷಯವನ್ನು ನಾಲ್ಕೇ ಸಾಲಿನಲ್ಲಿ ಬರೆದಿದ್ದೆ. ಅಷ್ಟಕ್ಕೇ ಒಂದು ಚೀಲ ಪತ್ರ ಬಂದಿವೆ. ಇಷ್ಟು ಮನೆಗಳಲ್ಲಿ ಇದೇ ಕಷ್ಟ ಇದೆ ಅಂತ ನನಗೂ ಗೊತ್ತಿರಲಿಲ್ಲ. ಆದ್ದರಿಂದ ಈ ಸಲ ಪೂರ್ತಿ ಪುಟ ಹೈಡ್ರೋಸೆಫಲಸ್‌ಗೇ, ಅಂದರೆ ತಲೆಯಲ್ಲಿ ನೀರು ತುಂಬುವ ಈ ಕಾಯಿಲೆಗೇ ಇಟ್ಟಿದ್ದೇನೆ. ಅಡುಗೆಮನೆ, ಸೊಸೆ, ಸೈಟು ವಿಷಯ ಬರೆದವರು ಮುಂದಿನ ಸಂಚಿಕೆಗೆ ಕಾಯಬೇಕು.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಮಂಡ್ಯದಲ್ಲಿ 31 ವರ್ಷ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು. ಯಜಮಾನರು ಸರ್ವೇ ಇಲಾಖೆಯಲ್ಲಿ ಭೂಮಾಪಕರಾಗಿದ್ದವರು. ಅವರನ್ನು ನೋಡಿಕೊಳ್ಳುತ್ತಾ ಕಲಿತದ್ದು, ಡಾಕ್ಟರುಗಳನ್ನು ಪೀಡಿಸಿ ತಿಳಿದುಕೊಂಡದ್ದು, ಇಷ್ಟೇ ನನ್ನ ಬಂಡವಾಳ.

ಪ್ರಶ್ನೆ: ನಮ್ಮ ಯಜಮಾನರಿಗೆ 68 ವರ್ಷ. ಎರಡು ವರ್ಷದಿಂದ ನಡಿಗೆ ಕೆಟ್ಟಿದೆ. ಕಾಲು ನೆಲಕ್ಕೆ ಅಂಟಿದ ಹಾಗೆ ಎಳೆದುಕೊಂಡು ಹೋಗುತ್ತಾರೆ. ಬಚ್ಚಲು ಮುಟ್ಟುವಷ್ಟರಲ್ಲಿ ಪಂಚೆ ಒದ್ದೆ. ಮರೆವೂ ಇದೆ. ಪಾರ್ಕಿನ್ಸನ್ ಮಾತ್ರೆ ಎಂಟು ತಿಂಗಳು ಕೊಟ್ಟೆವು, ಗುಣ ಕಾಣಲಿಲ್ಲ. ಈಗ ಸ್ಕ್ಯಾನ್ ಮಾಡಿ, ತಲೆಯಲ್ಲಿ ನೀರು ಜಾಸ್ತಿ ಇದೆ, ಬೆನ್ನಿನಿಂದ ನೀರು ತೆಗೆದು ನೋಡೋಣ, ಸರಿ ಅನ್ನಿಸಿದರೆ ಆಪರೇಷನ್ ಎನ್ನುತ್ತಿದ್ದಾರೆ. ಬೆನ್ನಿಗೆ ಸೂಜಿ ಚುಚ್ಚಿದರೆ ಲಕ್ವ ಹೊಡೆಯುತ್ತದೆ ಅಂತ ಮನೆಯವರೆಲ್ಲ ಹೆದರಿಸುತ್ತಾರೆ. ಈ ವಯಸ್ಸಿಗೆ ಇದೆಲ್ಲ ಬೇಕಾ?
— ಮದ್ದೂರು ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಪತ್ರ ಓದಿ ಒಂದು ಗಳಿಗೆ ಸುಮ್ಮನೆ ಕೂತೆ. ನಮ್ಮ ಮನೆಯಲ್ಲೇ ಕೂತು ಬರೆದ ಹಾಗಿದೆ.

ನಮ್ಮವರು ಸರಪಳಿ ಹಿಡಿದು ವಿಶ್ವೇಶ್ವರಯ್ಯ ನಾಲೆಯ ಬಯಲೆಲ್ಲ ಅಳೆದವರು. ಕಬ್ಬಿನ ಗದ್ದೆಯ ಬದುವಿನ ಮೇಲೆ ಅವರ ಹಿಂದೆ ನಡೆಯೋಕೆ ಹುಡುಗರಿಗೇ ಆಗುತ್ತಿರಲಿಲ್ಲ. ಅಂಥವರು 2016ರಲ್ಲಿ, ದೀಪಾವಳಿ ಆಸುಪಾಸು ಅಂತ ನೆನಪು, ಹೊಸ್ತಿಲ ಮುಂದೆ ನಿಂತುಬಿಡೋಕೆ ಶುರು ಮಾಡಿದರು. ಒಳಗೆ ಬರಬೇಕು, ಕಾಲು ಎತ್ತೋಕೆ ಆಗುತ್ತಿಲ್ಲ. ಹೊಸ್ತಿಲನ್ನೇ ನೋಡುತ್ತಾ ನಿಲ್ಲುತ್ತಿದ್ದರು. "ಏನ್ರೀ, ಹೊಸ ಮದುವಣಗಿತ್ತಿ ಥರ ನಿಂತಿದ್ದೀರಲ್ಲ, ಸೇರು ಇಡಬೇಕಾ ಒದೆಯೋಕೆ?" ಅಂತ ನಾನು ನಗುತ್ತಿದ್ದೆ. ಆಮೇಲೆ ನಗು ಹೋಗಿ ಬೈಗುಳ ಬಂತು. ಅದನ್ನು ಕೊನೆಯ ಪತ್ರಕ್ಕೆ ಇಟ್ಟುಕೊಳ್ಳುತ್ತೇನೆ.

ಅರವತ್ತಕ್ಕೆ ಅರಳು ಮರಳು ಅಂತ ನಮ್ಮಲ್ಲಿ ಒಂದು ಮಾತಿದೆ ನೋಡಿ, ಆ ಮಾತಿನಿಂದ ನಮಗೆ ಎರಡು ವರ್ಷ ನಷ್ಟ ಆಯಿತು. ನೆಂಟರು ಹೇಳಿದರು, ಅಕ್ಕಪಕ್ಕದವರು ಹೇಳಿದರು, ಒಂದು ಆಸ್ಪತ್ರೆಯಲ್ಲೂ ಅದನ್ನೇ ಹೇಳಿ ವಿಟಮಿನ್ ಮಾತ್ರೆ ಬರೆದುಕೊಟ್ಟರು. ಇನ್ನೊಂದು ಕಡೆ ನಿಮ್ಮ ಹಾಗೆ ಪಾರ್ಕಿನ್ಸನ್ ಮಾತ್ರೆ.

ವಿಷಯ ಇಷ್ಟು. ಮೆದುಳಿನ ಒಳಗೆ ನಾಲ್ಕು ಪುಟ್ಟ ಕೋಣೆಗಳಿವೆ. ಅಲ್ಲಿ ತಿಳಿನೀರಿನಂಥ ದ್ರವ ದಿನಕ್ಕೆ ಸುಮಾರು ಅರ್ಧ ಲೀಟರ್ ತಯಾರಾಗುತ್ತದೆ. ಯಾವ ಹೊತ್ತಿಗೆ ನೋಡಿದರೂ ಒಟ್ಟು ಇರುವುದು 150 ಮಿಲಿ ಲೀಟರ್ ಆಸುಪಾಸು. ಉಳಿದದ್ದು ಹರಿದು, ಮೆದುಳಿನ ಮೇಲಿನ ಪೊರೆಯ ಹತ್ತಿರ ರಕ್ತಕ್ಕೆ ಸೇರಿಹೋಗುತ್ತದೆ. ನಾಲೆಯಲ್ಲಿ ನೀರು ಬಿಡುತ್ತಲೇ ಇದ್ದಾರೆ, ಕೊನೆಯ ತೂಬು ಮಾತ್ರ ಸರಿಯಾಗಿ ಎಳೆಯುತ್ತಿಲ್ಲ ಅಂದುಕೊಳ್ಳಿ. ಕೋಣೆಗಳು ಉಬ್ಬುತ್ತವೆ. ವಯಸ್ಸಾದವರಲ್ಲಿ ಇದು ತುಂಬಾ ನಿಧಾನವಾಗಿ ಆಗುತ್ತದೆ, ಒತ್ತಡ ಅಳೆದರೆ ಹೆಚ್ಚೇನೂ ಕಾಣುವುದಿಲ್ಲ. ಅದಕ್ಕೇ ಇದಕ್ಕೆ ನಾರ್ಮಲ್ ಪ್ರೆಷರ್ ಹೈಡ್ರೋಸೆಫಲಸ್ ಅನ್ನುತ್ತಾರೆ. 1965ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದವರಲ್ಲಿ ಕೊಲಂಬಿಯಾ ದೇಶದ ಸಲೊಮೋನ್ ಹಕೀಮ್ ಮುಖ್ಯರು. ನಮ್ಮಲ್ಲಿ ಹಕೀಮ ಅಂದರೇ ವೈದ್ಯ ಅಲ್ವಾ, ಯಜಮಾನರಿಗೆ ಈ ಹೆಸರು ಬಹಳ ಹಿಡಿಸಿತು.

ಇದರ ಲಕ್ಷಣ ಮೂರು: ನಡಿಗೆ, ಮೂತ್ರ, ಮರೆವು. ಸಾಮಾನ್ಯವಾಗಿ ಮೊದಲು ಕೆಡುವುದು ನಡಿಗೆ. ಪಾದ ಅಗಲವಾಗಿ ಇಡುತ್ತಾರೆ, ಹೆಜ್ಜೆ ಗಿಡ್ಡ, ತಿರುಗಬೇಕಾದರೆ ಹತ್ತಾರು ಹೆಜ್ಜೆ. ಕೈ ಮಾತ್ರ ಚೆನ್ನಾಗಿಯೇ ಬೀಸುತ್ತಿರುತ್ತದೆ. ಪಾರ್ಕಿನ್ಸನ್‌ನಲ್ಲಿ ಕೈ ಬೀಸುವುದು ಕಡಿಮೆ ಆಗುತ್ತದೆ ಅಂತ ಡಾಕ್ಟರ್ ತೋರಿಸಿಕೊಟ್ಟರು. ಸ್ಕ್ಯಾನಿನಲ್ಲಿ ಅವರು ನೋಡುವುದರಲ್ಲಿ ಒಂದು ಭಾಗಾಕಾರವೂ ಇದೆ. ನೀರಿನ ಕೋಣೆಯ ಮುಂಭಾಗದ ಅಗಲವನ್ನು ತಲೆಬುರುಡೆಯ ಒಳ ಅಗಲದಿಂದ ಭಾಗಿಸಿದಾಗ 0.3ಕ್ಕಿಂತ ಜಾಸ್ತಿ ಬಂದರೆ ಕೋಣೆ ಹಿಗ್ಗಿದೆ ಅಂತ ಲೆಕ್ಕ. ನಮ್ಮವರದು 0.37 ಬಂತು. ಆಸ್ಪತ್ರೆಯಲ್ಲಿ ನನಗೆ ಅರ್ಥವಾದ ಮೊದಲ ಮಾತು ಅದೇ.

ಈಗ ಸೂಜಿ. ಮಲಗಿಸಿ ಅಥವಾ ಕೂರಿಸಿ, ಬೆನ್ನು ಬಗ್ಗಿಸಿ, ಸೊಂಟದ ಹತ್ತಿರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, 30ರಿಂದ 50 ಮಿಲಿ ಲೀಟರ್ ನೀರು ತೆಗೆಯುತ್ತಾರೆ. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ. ಸೂಜಿ ಹೋಗುವ ಜಾಗದಲ್ಲಿ ಇರುವುದು ನೀರಿನಲ್ಲಿ ತೇಲುವ ನರದ ಎಳೆಗಳು. ಲಕ್ವದ ಮಾತನ್ನು ತಲೆಯಿಂದ ತೆಗೆದುಹಾಕಿ. ಆಮೇಲೆ ಒಂದೆರಡು ದಿನ ತಲೆನೋವು ಬರಬಹುದು, ಮಲಗಿದರೆ ಕಡಿಮೆ ಆಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ, ಆಸ್ಪಿರಿನ್ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಮೊದಲೇ ಹೇಳಲೇಬೇಕು. ಇದನ್ನು ಅವರು ಕೇಳಲಿ ಅಂತ ಕಾಯಬೇಡಿ.

ನೀರು ತೆಗೆಯುವ ಮುಂಚೆ ಒಂದು ಸಲ ನಡೆಸಿ ಅಳೆಯುತ್ತಾರೆ, ತೆಗೆದು ಕೆಲವು ಗಂಟೆ ಬಿಟ್ಟು ಮತ್ತೆ ನಡೆಸುತ್ತಾರೆ. ಅಳತೆ ಹತ್ತು ಮೀಟರ್. ಫಿಸಿಯೋ ಹುಡುಗಿ ನೆಲದ ಮೇಲೆ ಟೇಪು ಅಂಟಿಸುತ್ತಿದ್ದಾಗ ಯಜಮಾನರು, ಬೆಳಿಗ್ಗೆಯಿಂದ ಬಾಯಿ ಬಿಡದಿದ್ದವರು, "ಮೂವತ್ಮೂರಡಿ, ಒಂದು ಸರಪಳಿ, ಹದಿನಾರಾಣೆ" ಎಂದರು. ಆಕೆಗೆ ಏನೂ ತಿಳಿಯಲಿಲ್ಲ. ನಮ್ಮ ಸರ್ವೇ ಸರಪಳಿ 33 ಅಡಿ, ಅದನ್ನು 16 ಆಣೆ ಅಂತ ಭಾಗ ಮಾಡುತ್ತಾರೆ. ಹತ್ತು ಮೀಟರಿಗೂ ಅದಕ್ಕೂ ಸುಮಾರು ಎರಡೂಕಾಲು ಇಂಚಿನ ವ್ಯತ್ಯಾಸ ಅಷ್ಟೆ. ಸಂಬಳಕ್ಕಾಗಿ ಜೀವನವಿಡೀ ಅಳೆದ ದೂರವನ್ನೇ ಈಗ ಅವರು ನಡೆದು ತೋರಿಸಬೇಕಾಗಿತ್ತು.

ಮೊದಲ ಸಲ 41 ಸೆಕೆಂಡ್, 58 ಹೆಜ್ಜೆ. ನೀರು ತೆಗೆದು ನಾಲ್ಕು ಗಂಟೆ ಆದ ಮೇಲೆ 24 ಸೆಕೆಂಡ್, 36 ಹೆಜ್ಜೆ. ನಾನು ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಈ ಸುಧಾರಣೆ ಉಳಿಯುವುದಿಲ್ಲ, ಕೆಲವು ದಿನದಲ್ಲಿ ಮತ್ತೆ ಮೊದಲಿನ ಹಾಗೇ ಆಗುತ್ತಾರೆ. ಆಗ ಗಾಬರಿಯಾಗಬೇಡಿ, ಅದು ಪರೀಕ್ಷೆ ಮಾತ್ರ, ಚಿಕಿತ್ಸೆಯಲ್ಲ. ಒಂದು ಸಲ ತೆಗೆದಾಗ ಬದಲಾವಣೆ ಕಾಣದಿದ್ದರೂ ಎಲ್ಲ ಮುಗಿಯಿತು ಅಂತಲ್ಲ. ಆಸ್ಪತ್ರೆಯಲ್ಲಿ ಇಟ್ಟುಕೊಂಡು ಎರಡು ಮೂರು ದಿನ ಸಣ್ಣ ಟ್ಯೂಬಿನಿಂದ ನಿಧಾನವಾಗಿ ನೀರು ಇಳಿಸಿ ನೋಡುವುದೂ ಇದೆ.

ಆಪರೇಷನ್ ಅಂದರೆ ಶಂಟ್. ತಲೆಯ ಕೋಣೆಯಿಂದ ಒಂದು ತೆಳು ಕೊಳವೆ, ಚರ್ಮದ ಕೆಳಗೇ ಕಿವಿಯ ಹಿಂದೆ, ಕತ್ತು, ಎದೆ ದಾಟಿ ಹೊಟ್ಟೆಗೆ ಇಳಿಯುತ್ತದೆ. ನಡುವೆ ಒಂದು ವಾಲ್ವ್. ನಾಲೆಯ ತೂಬಿನ ಕೆಲಸ ಅದರದ್ದು. ಅಪಾಯವೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಸೋಂಕು ತಗಲಬಹುದು, ಕಟ್ಟಿಕೊಳ್ಳಬಹುದು, ನೀರು ಜಾಸ್ತಿ ಇಳಿದು ಮೆದುಳಿನ ಮೇಲೆ ರಕ್ತ ಸೇರಬಹುದು. ಡಾಕ್ಟರನ್ನು ಕೂರಿಸಿಕೊಂಡು ಕೇಳಿ: ಇವರಿಗೆ ಲಾಭ ಎಷ್ಟು, ಅಪಾಯ ಎಷ್ಟು? ನಡಿಗೆಗೆ ಲಾಭ ಎಲ್ಲಕ್ಕಿಂತ ಚೆನ್ನಾಗಿ ಸಿಗುತ್ತದೆ, ಮೂತ್ರಕ್ಕೆ ಅದಕ್ಕಿಂತ ಕಡಿಮೆ, ಮರೆವಿಗೆ ಎಲ್ಲಕ್ಕಿಂತ ಕಡಿಮೆ. ನಮ್ಮಲ್ಲೂ ಹಾಗೇ ಆಯಿತು. 2019ರ ಜನವರಿಯಲ್ಲಿ ಆಪರೇಷನ್, ಯುಗಾದಿಗೆ ತಾವೇ ನಡೆದು ಬೇವಿನ ಸೊಪ್ಪು ತಂದರು. ಮೊಮ್ಮಗನ ಹೆಸರು ಈಗಲೂ ತಪ್ಪುತ್ತಾರೆ.

ಬೇಕಾ ಅಂತ ಕೇಳಿದಿರಿ. ಸೂಜಿ ಪರೀಕ್ಷೆಯಂತೂ ಬೇಕೇ ಬೇಕು ಅಂತ ನನಗನ್ನಿಸುತ್ತದೆ. ಆಪರೇಷನ್ ಮಾತು ಅದಾದ ಮೇಲೆ. ಮತ್ತೆ ಮುಂದಕ್ಕೆ ಹಾಕಬೇಡಿ. ತಡವಾದಷ್ಟೂ ವಾಪಸ್ ಬರುವುದು ಕಡಿಮೆ.

ಆ ಪರೀಕ್ಷೆಗೆ ಹೋಗುವ ತನಕ ಮನೆಯಲ್ಲಿ ಒಂದು ಕೆಲಸ ಮಾಡಿ. ಅಂಗಳದಲ್ಲಿ ಹತ್ತು ಮೀಟರ್ ಅಳೆದು ಎರಡು ಗೆರೆ ಎಳೆಯಿರಿ. ವಾರಕ್ಕೊಂದು ಸಲ, ಒಂದೇ ಹೊತ್ತಿಗೆ ನಡೆಸಿ. ಮೊಬೈಲಿನಲ್ಲಿ ಸೆಕೆಂಡ್ ನೋಡಿ, ಹೆಜ್ಜೆ ಎಣಿಸಿ, ನೋಟ್‌ಬುಕ್‌ನಲ್ಲಿ ಬರೆದಿಡಿ. ಒಂದು ವಿಡಿಯೋನೂ ಇರಲಿ. ಡಾಕ್ಟರ ಮುಂದೆ ಹೋದಾಗ ನಮ್ಮವರು ಯಾವತ್ತೂ ಚೆನ್ನಾಗಿಯೇ ನಡೆಯುತ್ತಾರೆ, ಅದೊಂದು ಮಾಯೆ.

ಹೊಸ್ತಿಲ ವಿಷಯ ಹೇಳಲು ಮರೆತೆ. ಹೊಸ್ತಿಲಿನ ಈಚೆ ಕೆಂಪು ಟೇಪು ಒಂದು ಪಟ್ಟಿ ಅಂಟಿಸಿ, "ಇದನ್ನು ದಾಟಿ" ಅನ್ನಿ. ಕೈ ಹಿಡಿದು ಎಳೆಯಬೇಡಿ, ಬೀಳುತ್ತಾರೆ. ಒಂದು, ಎರಡು ಅಂತ ಎಣಿಸಿದರೆ ಕಾಲು ಏಳುತ್ತದೆ. ನಮ್ಮವರಿಗೆ "ಒಂದಾಣೆ, ಎರಡಾಣೆ" ಅಂದರೆ ಇನ್ನೂ ಬೇಗ ಏಳುತ್ತಿತ್ತು. ಬಾಗಿಲ ಮುಂದಿನ ಕಾಲೊರಸು ಇವತ್ತೇ ಎತ್ತಿಡಿ.

ಪ್ರಶ್ನೆ: ಅತ್ತೆ ಹೇಳುತ್ತಾರೆ, ತಲೆಯಲ್ಲಿ ನೀರು ಜಾಸ್ತಿ ಆಗಿದೆ ಅಂದರೆ ಕುಡಿಯುವ ನೀರು ಕಡಿಮೆ ಮಾಡಬೇಕು ಅಂತ. ದಿನಕ್ಕೆ ಮೂರೇ ಲೋಟ ಕೊಡುತ್ತಿದ್ದೇವೆ. ನೆತ್ತಿಗೆ ಸೊಪ್ಪು ಅರೆದು ಕಟ್ಟುವವರೊಬ್ಬರು ಇದ್ದಾರಂತೆ, ಹೋಗಬಹುದಾ?
— ಪಾಂಡವಪುರದಿಂದ ಒಬ್ಬರು

ಉತ್ತರ: ಇವತ್ತೇ ನೀರು ಕೊಡಿ. ಆ ನೀರು ಬೇರೆ, ಈ ನೀರು ಬೇರೆ. ತಲೆಯೊಳಗಿನ ದ್ರವವನ್ನು ಮೆದುಳೇ ತಯಾರಿಸಿಕೊಳ್ಳುತ್ತದೆ. ನೀವು ಲೋಟ ಕಡಿಮೆ ಮಾಡಿದರೆ ಅದು ಕಡಿಮೆ ಆಗುವುದಿಲ್ಲ. ಮಲ ಗಟ್ಟಿಯಾಗುತ್ತದೆ, ಉರಿಮೂತ್ರ ಬರುತ್ತದೆ, ಬಿಸಿಲಲ್ಲಿ ತಲೆ ತಿರುಗಿ ಬೀಳುತ್ತಾರೆ. ಹಾರ್ಟ್ ಅಥವಾ ಕಿಡ್ನಿಗೋಸ್ಕರ ಡಾಕ್ಟರೇ ಮಿತಿ ಹಾಕಿದ್ದರೆ ಅದು ಬೇರೆ ಮಾತು. ಸಂಜೆ ಆರರ ಮೇಲೆ ಕಾಫಿ ನಿಲ್ಲಿಸಿ, ರಾತ್ರಿ ಏಳುವುದು ಸ್ವಲ್ಪ ತಪ್ಪುತ್ತದೆ. ಸೊಪ್ಪಿನವರಿಗೆ ಕೊಡುವ ದುಡ್ಡಲ್ಲಿ ಬಚ್ಚಲಿಗೆ ಒಂದು ಹಿಡಿಕೆ ಹಾಕಿಸಿ. ಅತ್ತೆಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ನನ್ನ ಹೆಂಡತಿಗೆ 38. ಎರಡು ವರ್ಷದ ಹಿಂದೆ ಟಿಬಿ ಮೆದುಳಿನ ಪೊರೆಗೆ ಹೋಗಿ, ತಲೆಯಲ್ಲಿ ನೀರು ತುಂಬಿ ಶಂಟ್ ಹಾಕಿದರು. ಈಗ ಮನೆಯಲ್ಲೇ ಇದ್ದಾಳೆ, ಅಡುಗೆ ಮಾಡುತ್ತಾಳೆ. ನಾನು ನಂಜನಗೂಡಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅವಳಿಗೆ ತಲೆನೋವು ಅಂದ ಕೂಡಲೇ ನನಗೆ ಕೈಕಾಲು ಬಿದ್ದುಹೋಗುತ್ತದೆ. ಯಾವ ತಲೆನೋವಿಗೆ ಓಡಬೇಕು, ಯಾವುದಕ್ಕೆ ಬೇಡ? ವಾಲ್ವ್ ಜಾಗವನ್ನು ದಿನಾ ಒತ್ತಿ ನೋಡಬೇಕು ಅಂತ ಯಾರೋ ಹೇಳಿದರು, ಸರಿನಾ?
— ಮೈಸೂರು, ಸರಸ್ವತಿಪುರಂ ಕಡೆಯ ಓದುಗರು

ಉತ್ತರ: ಒತ್ತಬೇಡಿ. ಡಾಕ್ಟರ್ ಖುದ್ದಾಗಿ ಕಲಿಸಿಕೊಟ್ಟು, ಮಾಡಿ ಅಂದಿದ್ದರೆ ಮಾತ್ರ. ಇಲ್ಲದಿದ್ದರೆ ಅದರ ಮೇಲೆ ಎಣ್ಣೆ ತಿಕ್ಕುವುದೂ ಬೇಡ.

ನಿಮ್ಮ ಮನೆಯವರದು ನಮ್ಮವರ ಥರದ್ದಲ್ಲ. ಟಿಬಿಯಿಂದ ಮೆದುಳಿನ ಬುಡದಲ್ಲಿ ಅಂಟಂಟಾಗಿ ಕಟ್ಟಿಕೊಂಡು ನೀರಿನ ದಾರಿ ಮುಚ್ಚುತ್ತದೆ. ಅಲ್ಲಿ ಒತ್ತಡ ಬೇಗ ಏರುತ್ತದೆ. ಆದ್ದರಿಂದ ನಿಮಗೆ ಅವಸರ ನಮಗಿಂತ ಜಾಸ್ತಿ.

ಎಲ್ಲರಿಗೂ ಬರುವ ತಲೆನೋವು ಅವರಿಗೂ ಬರುತ್ತದೆ. ನಿದ್ದೆಗೆಟ್ಟರೆ, ಬಿಸಿಲಲ್ಲಿ ದೇವರಾಜ ಮಾರ್ಕೆಟ್ ಸುತ್ತಿ ಬಂದರೆ. ಊಟ ಮಾಡಿ ಮಲಗಿದರೆ ಹೋಗುವಂಥದ್ದಕ್ಕೆ ಓಡಬೇಕಾಗಿಲ್ಲ. ಆದರೆ ತಲೆನೋವಿನ ಜೊತೆ ವಾಂತಿ ಬಂದರೆ, ಕರೆದರೂ ಕಣ್ಣು ಬಿಡದಷ್ಟು ಮಂಪರು ಬಂದರೆ, ಎರಡೆರಡು ಕಾಣಿಸಿದರೆ, ಫಿಟ್ಸ್ ಬಂದರೆ, ಮಾತು ಇದ್ದಕ್ಕಿದ್ದಂತೆ ಅಡ್ಡಾದಿಡ್ಡಿ ಆದರೆ, ನಾಳೆ ಬೆಳಿಗ್ಗೆ ನೋಡೋಣ ಅನ್ನಬೇಡಿ. 108ಕ್ಕೆ ಫೋನ್ ಮಾಡಿ. ಜ್ವರ ಬಂದರೆ, ಕತ್ತು ಬಿಗಿದರೆ ಅಥವಾ ಕೊಳವೆಯ ದಾರಿಯಲ್ಲಿ ಚರ್ಮ ಕೆಂಪಾಗಿ ಊದಿದ್ದರೆ ಸೋಂಕು ಇರಬಹುದು. ಶಂಟ್ ಹಾಕಿದ ಮೊದಲ ಕೆಲವು ತಿಂಗಳಲ್ಲಿ ಇದು ಜಾಸ್ತಿ, ಆಮೇಲೆ ಬರುವುದೇ ಇಲ್ಲ ಅಂತಲ್ಲ. ಎದ್ದು ನಿಂತರೆ ನೋವು, ಮಲಗಿದರೆ ಮಾಯ ಅನ್ನುವ ಥರ ದಿನಗಟ್ಟಲೆ ಇದ್ದರೆ ನೀರು ಜಾಸ್ತಿ ಇಳಿಯುತ್ತಿರಬಹುದು, ಅದನ್ನೂ ತೋರಿಸಬೇಕು. ತಲೆಗೆ ಪೆಟ್ಟು ಬಿದ್ದರೆ, ರಕ್ತ ಬರದಿದ್ದರೂ ತೋರಿಸಿ.

ಪಾಳಿಗೆ ಹೋಗುವವರು ನೀವು. ಮನೆಯಲ್ಲಿ ಇಲ್ಲದಾಗ ಏನು ಅನ್ನುವುದೇ ನಿಮ್ಮ ಭಯ. ಎದುರುಮನೆಯವರಿಗೆ ಇಷ್ಟು ಹೇಳಿಡಿ: "ವಾಂತಿ, ಮಂಪರು, ಫಿಟ್ಸ್. ಮೂರರಲ್ಲಿ ಒಂದು ಕಂಡರೂ ನನಗೆ ಕಾಯಬೇಡಿ." ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಇಡಬೇಡಿ. ಕಬ್ಬಿಣ ಹಿಡಿಸುವ ಶಾಸ್ತ್ರ ಬೇಡ. ಫ್ರಿಡ್ಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ: ಶಂಟ್ ಯಾವಾಗ ಹಾಕಿದ್ದು, ಯಾವ ಬದಿ, ಯಾವ ವಾಲ್ವ್, ಯಾವ ಮಾತ್ರೆ. ಅವರು ಚೆನ್ನಾಗಿರುವಾಗ ತೆಗೆದ ಸ್ಕ್ಯಾನಿನ ಸಿಡಿಯನ್ನೂ ಫಿಲಮನ್ನೂ ಜೋಪಾನ ಮಾಡಿ. ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಯಲ್ಲಿ ಇರುವ ಹೊಸ ಡಾಕ್ಟರಿಗೆ, ಕೋಣೆ ಮೊದಲಿಗಿಂತ ಉಬ್ಬಿದೆಯಾ ಅಂತ ಹೇಳೋಕೆ ಹಳೆಯ ಚಿತ್ರ ಬೇಕೇ ಬೇಕು. ಟಿಬಿ ಮಾತ್ರೆ ಡಾಕ್ಟರ್ ಹೇಳಿದಷ್ಟು ತಿಂಗಳು ಮುಗಿಸಿದ್ದೀರಿ ಅಂದುಕೊಳ್ಳುತ್ತೇನೆ. ಮಲಬದ್ಧತೆಯನ್ನೂ ಬಿಡಬೇಡಿ, ಹೊಟ್ಟೆ ಬಿಗಿದರೆ ಕೊಳವೆಯ ಆ ತುದಿಗೆ ತೊಂದರೆ. ಮಾತು ತೊದಲುವುದು, ನುಂಗೋಕೆ ಕಷ್ಟ ಏನಾದರೂ ಉಳಿದಿದ್ದರೆ, ನಿಮ್ಮ ಹತ್ತಿರವೇ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಬೇರೆ ರಾಜ್ಯದಿಂದ ಅಲ್ಲಿಗೆ ಬರುತ್ತಾರೆ.

ವಾಲ್ವ್ ಯಾವುದು ಅಂತ ಯಾಕೆ ಬರೆದಿಡಬೇಕು ಅಂದರೆ, ನಮ್ಮ ಮನೆಯ ಕಥೆ ಕೇಳಿ.

ಕೆಲವು ವಾಲ್ವ್‌ಗಳ ಒತ್ತಡವನ್ನು ಹೊರಗಿನಿಂದಲೇ ಮ್ಯಾಗ್ನೆಟ್ ಇಟ್ಟು ಬದಲಿಸಬಹುದು. ಇವಕ್ಕೆ ಪ್ರೋಗ್ರಾಮಬಲ್ ಅನ್ನುತ್ತಾರೆ. ನಮ್ಮವರದು ಅದೇ. 2021ರಲ್ಲಿ ಸೊಂಟನೋವು ಅಂತ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಎಂಆರ್‌ಐ ಮಾಡಿಸಿದೆವು. ಪೇಸ್‌ಮೇಕರ್ ಇದೆಯಾ ಅಂತ ಕೇಳಿದರು, ಇಲ್ಲ ಅಂದೆ. ಶಂಟ್ ಇದೆಯಾ ಅಂತ ಅವರು ಕೇಳಲಿಲ್ಲ. ಸೊಂಟದ ಸ್ಕ್ಯಾನಿಗೂ ತಲೆಗೂ ಏನು ಸಂಬಂಧ ಅಂತ ನಾನೂ ಹೇಳಲಿಲ್ಲ. ಎಂಆರ್‌ಐ ಅಂದರೇ ಒಂದು ಭಾರಿ ಮ್ಯಾಗ್ನೆಟ್, ಇಡೀ ಮನುಷ್ಯನೇ ಅದರೊಳಗೆ ಹೋಗಿರುತ್ತಾನೆ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ನನ್ನ ನೋಟ್‌ಬುಕ್ ಹೀಗಿದೆ. ಸ್ಕ್ಯಾನಿನ ಹಿಂದಿನ ಶನಿವಾರ 21 ಸೆಕೆಂಡ್. ಮುಂದಿನ ಶನಿವಾರ 23. ಆಮೇಲೆ 27. ಆಮೇಲೆ 34. ಮಗ ಫೋನಿನಲ್ಲಿ "ವಯಸ್ಸಾಯ್ತಲ್ಲಮ್ಮ" ಎಂದ. ಆ ಮಾತು ಕೇಳಿಯೇ ನನಗೆ ಎಚ್ಚರವಾಯಿತು, ಅದನ್ನು ಮೊದಲೂ ಕೇಳಿದ್ದೆನಲ್ಲ. ಮಾರನೇ ದಿನ ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿಸಿಕೊಂಡು ಬೆಂಗಳೂರಿಗೆ ಹೋದೆ. ತಲೆಯ ಎಕ್ಸ್‌ರೇ ತೆಗೆದು ನೋಡಿದರು, ವಾಲ್ವ್ ಸೆಟ್ಟಿಂಗ್ ಬದಲಾಗಿತ್ತು. ಡಾಕ್ಟರ್ ಕಿವಿಯ ಹಿಂದೆ ಒಂದು ಉಪಕರಣ ಇಟ್ಟು ತಿರುಗಿಸಿದರು. ಐದು ನಿಮಿಷದ ಕೆಲಸ. ಹಲ್ಲಿ ಲೊಚಗುಟ್ಟಿದಂಥ ಸಣ್ಣ ಶಬ್ದ ಬಂತು ಅಂತ ಯಜಮಾನರು ಹೇಳುತ್ತಾರೆ. ಒಂದು ತಿಂಗಳಲ್ಲಿ ಮತ್ತೆ 22ಕ್ಕೆ ಬಂದರು.

ಅದಕ್ಕೇ ಹೇಳಿದ್ದು. ಪ್ರೋಗ್ರಾಮಬಲ್ ಆದರೆ ಎಂಆರ್‌ಐಗೆ ಮುಂಚೆ ಡಾಕ್ಟರಿಗೆ ಹೇಳಿ, ಆದ ಮೇಲೆ ಸೆಟ್ಟಿಂಗ್ ಚೆಕ್ ಮಾಡಿಸಿ. ಮ್ಯಾಗ್ನೆಟ್ ಇರುವ ಇಯರ್‌ಫೋನು, ಮೊಬೈಲು ವಾಲ್ವ್ ಪಕ್ಕಕ್ಕೆ ತಾಗಿಸಬೇಡಿ. ಫೋನ್ ಹಿಡಿಯೋಕೆ ಇನ್ನೊಂದು ಕಿವಿ ಇದೆಯಲ್ಲ. ಹಾಗಂತ ಅವರನ್ನು ಗಾಜಿನ ಬೊಂಬೆ ಮಾಡಬೇಡಿ. 38 ವರ್ಷದ ಹೆಣ್ಣುಮಗಳು, ಕುಕ್ಕರಹಳ್ಳಿ ಕೆರೆ ಸುತ್ತ ಒಂದು ಸುತ್ತು ಜೊತೆಯಲ್ಲಿ ಹೋಗಿಬನ್ನಿ.

ಪ್ರಶ್ನೆ: ಆಪರೇಷನ್‌ಗೆ ಸರ್ಕಾರದಿಂದ ಸಹಾಯ ಸಿಗುತ್ತದೆಯೇ?
— ಕೆ.ಆರ್. ಪೇಟೆ, ನಾಗಮಂಗಲ, ಮಳವಳ್ಳಿಯಿಂದ ಹಲವರು

ಉತ್ತರ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ, ಮಿತಿ ಒಂದೂವರೆ ಲಕ್ಷ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆ. ಅಲ್ಲಿ ಆಗದಿದ್ದರೆ ಮುಂದಕ್ಕೆ ಕಳಿಸುವ ಚೀಟಿ ಅಲ್ಲಿಂದಲೇ ಆಗಬೇಕು. ಆರೋಗ್ಯಮಿತ್ರ ಅನ್ನುವವರು ಕೌಂಟರಿನಲ್ಲಿ ಇರುತ್ತಾರೆ. ಅವರಿಗೆ ಕೇಳಬೇಕಾದದ್ದು ಒಂದೇ: "ಯಾವ ವಾಲ್ವ್ ಪ್ಯಾಕೇಜಿನಲ್ಲಿ ಬರುತ್ತದೆ, ಕೈಯಿಂದ ಎಷ್ಟು ಹಾಕಬೇಕು?" ದಾಖಲಾಗುವ ಮುಂಚೆಯೇ ಕೇಳಿ. ಬೆಲೆ ಕಡಿಮೆಯ ಮಾಮೂಲಿ ವಾಲ್ವ್ ಹಾಕಿಸಿಕೊಂಡು ವರ್ಷಗಟ್ಟಲೆ ಚೆನ್ನಾಗಿರುವವರು ಬೇಕಾದಷ್ಟು ಜನ ಇದ್ದಾರೆ, ದುಬಾರಿಯದ್ದೇ ಬೇಕು ಅಂತ ಸಾಲ ಮಾಡಬೇಡಿ. ಆಪರೇಷನ್ ಆದ ಮೇಲೂ ನಡೆಯೋಕೆ ಆಗದವರು ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ನರಸಂಬಂಧಿ ದೀರ್ಘ ಕಾಯಿಲೆಯೂ ಸೇರಿದೆ.

ಪ್ರಶ್ನೆ: ಶಂಟ್ ಹಾಕಿ ಒಂದು ವರ್ಷ ಆಯಿತು. ನಡಿಗೆ ಪರವಾಗಿಲ್ಲ. ಆದರೆ ರಾತ್ರಿ ಹಾಸಿಗೆಯಲ್ಲೇ ಆಗಿಬಿಡುತ್ತದೆ. ಮೂರು ಸಲ ಬಟ್ಟೆ ಬದಲಿಸುತ್ತೇನೆ. ನಿನ್ನೆ ರಾತ್ರಿ ಸಿಟ್ಟು ತಡೆಯದೆ, ಇಷ್ಟು ದೊಡ್ಡ ಗಂಡಸಿಗೆ ನಾಚಿಕೆ ಆಗಲ್ವಾ ಅಂದುಬಿಟ್ಟೆ. ಅವರು ಗೋಡೆ ಕಡೆ ತಿರುಗಿ ಮಲಗಿದರು. ಬೆಳಿಗ್ಗೆಯಿಂದ ನನಗೆ ಅನ್ನ ಸೇರುತ್ತಿಲ್ಲ.
— ಹೆಸರು ಬೇಡ, ಮಂಡ್ಯ

ಉತ್ತರ: ನೀವು ಅಂದದ್ದು ಕಡಿಮೆ. ನಾನು ಅದಕ್ಕಿಂತ ಕೆಟ್ಟದ್ದು ಅಂದಿದ್ದೇನೆ, ಅದೂ ಎರಡು ವರ್ಷ.

ಕಾಯಿಲೆ ಏನು ಅಂತ ಗೊತ್ತಾಗುವ ಮುಂಚೆ ನಮ್ಮವರದು ಹಠ ಅಂದುಕೊಂಡಿದ್ದೆ. ಎದ್ದು ಹೋಗೋಕೆ ಸೋಮಾರಿತನ ಅಂತ. ಒಂದು ದಿನ ನೆಂಟರ ಮದುವೆಗೆ ಹೊರಟಿದ್ದೆವು. ರೇಷ್ಮೆ ಪಂಚೆ ಉಟ್ಟು ನಿಂತಿದ್ದರು. ಆಟೋ ಬಂತು, ಆಗಲೇ ಆಗಿಹೋಯಿತು. ನಾನು ಆಟೋದವನ ಮುಂದೆಯೇ ಬೈದೆ. ಅವರು ಏನೂ ಅನ್ನಲಿಲ್ಲ. ಒಳಗೆ ಹೋಗಿ, ಪಂಚೆ ಬಿಚ್ಚಿ, ಅಂಚಿಗೆ ಅಂಚು ಸೇರಿಸಿ ನೀಟಾಗಿ ಮಡಿಚಿ ಬಕೆಟ್ಟಿನಲ್ಲಿ ಇಟ್ಟರು. ನಕ್ಷೆ ಮಡಿಚುವ ಹಾಗೆ. ಒದ್ದೆ ಪಂಚೆಯನ್ನು ಯಾರಾದರೂ ಹಾಗೆ ಮಡಿಚುತ್ತಾರಾ? ಆ ಬಕೆಟ್ಟು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಆಪರೇಷನ್ ಆದ ಮೇಲೆ ಒಂದು ದಿನ ಧೈರ್ಯ ಮಾಡಿ, "ಅವತ್ತು ಹಾಗೆ ಬೈಬಾರದಿತ್ತು ನಾನು" ಅಂದೆ. "ಯಾವತ್ತು?" ಅಂದರು. ಮದುವೆಗೆ ಹೊರಟಾಗ ಅಂದೆ. "ನಂಗೆ ಆ ಮದುವೆನೇ ನೆನಪಿಲ್ಲ ಕಣೇ" ಅಂತ ಪೇಪರ್ ಎತ್ತಿಕೊಂಡರು. ಪೇಪರ್ ಬಹಳ ಹೊತ್ತು ಒಂದೇ ಪುಟದಲ್ಲಿ ಇತ್ತು.

ನೀವು ಇವತ್ತು ಅನ್ನ ತಿನ್ನಿ. ಆಮೇಲೆ ಒಂದು ಸಲ ಡಾಕ್ಟರಿಗೆ ತೋರಿಸಿ. ರಾತ್ರಿ ಮೂತ್ರ ಜಾಸ್ತಿ ಆಗೋಕೆ ಪ್ರಾಸ್ಟೇಟ್, ಶುಗರ್, ಉರಿಮೂತ್ರದ ಸೋಂಕು, ಏನು ಬೇಕಾದರೂ ಕಾರಣ ಇರಬಹುದು. ಎಲ್ಲ ತಪ್ಪನ್ನೂ ಶಂಟಿನ ಮೇಲೆ ಹಾಕಬೇಡಿ. ಮೊದಲು ಸರಿಯಾಗಿದ್ದು ಈಗ ಮತ್ತೆ ಶುರುವಾಗಿದ್ದರೆ, ಶಂಟನ್ನೂ ನೋಡಿಸಿ.

ಹಗಲು ಎರಡು ಗಂಟೆಗೊಂದು ಸಲ, ಬರಲಿ ಬಿಡಲಿ, ಬಚ್ಚಲಿಗೆ ಕಳಿಸಿ. "ಬಂದಿದೆಯಾ?" ಅಂತ ಕೇಳಬೇಡಿ, ಇಲ್ಲ ಅನ್ನುತ್ತಾರೆ. "ಹೋಗಿಬನ್ನಿ, ಕಾಫಿ ಆಗುತ್ತೆ" ಅನ್ನಿ. ಮಲಗುವ ಮುಂಚೆ ಒಂದು ಸಲ, ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ. ಪಂಚೆ ಗಂಟು ಕತ್ತಲಲ್ಲಿ ಬಿಚ್ಚೋಕೆ ಆಗುವುದಿಲ್ಲ, ಎಲಾಸ್ಟಿಕ್ ಪೈಜಾಮ ತನ್ನಿ. ಮಂಚದ ಪಕ್ಕ ಯೂರಿನ್ ಬಾಟಲ್ ಒಂದು ಗೊತ್ತಾದ ಜಾಗದಲ್ಲಿ ಇರಲಿ, ದಾರಿಯಲ್ಲಿ ಸಣ್ಣ ದೀಪ ಉರಿಯಲಿ. ಡೈಪರ್ ಹಾಕೋಕೆ ನಮ್ಮವರು ಒಪ್ಪಲಿಲ್ಲ. ಊರಿಗೆ ಹೋಗುವಾಗ ಮಾತ್ರ, "ಸರ್ವೇಗೆ ಹೋಗುವಾಗ ಗಮ್‌ಬೂಟ್ ಹಾಕ್ತಿರಲಿಲ್ವಾ, ಹಾಗೇ" ಅಂದೆ. ಹಾಕಿಕೊಂಡರು.

ಹಾಸಿಗೆಯನ್ನು ಎರಡು ಪದರವಾಗಿ ಹಾಸಿ. ಕೆಳಗೆ ರಬ್ಬರ್ ಶೀಟು, ಅದರ ಮೇಲೆ ಹತ್ತಿ ಬಟ್ಟೆ. ಅದರ ಮೇಲೆ ಮತ್ತೊಂದು ರಬ್ಬರ್ ಶೀಟು, ಮತ್ತೊಂದು ಬಟ್ಟೆ. ರಾತ್ರಿ ಒದ್ದೆಯಾದರೆ ಮೇಲಿನ ಜೋಡಿಯನ್ನು ಸುಮ್ನೆ ಎಳೆದು ಹಾಕಿದರಾಯಿತು, ಕೆಳಗೆ ಒಣಗಿದ್ದು ತಯಾರಾಗಿರುತ್ತದೆ. ಲೈಟು ಹಾಕಬೇಕಾಗಿಲ್ಲ, ಅವರು ಪೂರ್ತಿ ಏಳಬೇಕಾಗಿಲ್ಲ, ನಿಮಗೂ ಎರಡೇ ನಿಮಿಷ. ರಬ್ಬರ್ ಶೀಟು ಮೆಡಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಎರಡು ಮೀಟರ್ ಸಾಕು, ಮಧ್ಯಕ್ಕೆ ಕತ್ತರಿಸಿಕೊಳ್ಳಿ.